ರಜೆ ಹಾಕದವಳ ಫೋಟೋ

ಹೊಗಳಿಸಿಕೊಳ್ಳುವುದಕ್ಕೂ ಪುರುಸೊತ್ತು ಬೇಕು ಎನ್ನುವುದು ಬಟ್ಟೆಯಕ್ಕನಿಗೆ ಆ ವರ್ಷದವರೆಗೆ ಗೊತ್ತಿರಲಿಲ್ಲ. ಕೆಲಸ ಮಾಡುವುದು ಗೊತ್ತಿತ್ತು, ಬೈಸಿಕೊಳ್ಳುವುದು ಗೊತ್ತಿತ್ತು, ಬೈದವರನ್ನು ಮನಸ್ಸಿನಲ್ಲೇ ಹಿಂಡಿ ಒಣಹಾಕುವುದಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಕುರ್ಚಿಯ ಮೇಲೆ ಕೈಕಟ್ಟಿ ಕೂತು, ‘ಆಹಾ, ನೀವೆಷ್ಟು ಒಳ್ಳೆಯವರು’ ಎಂದು ನಾಲ್ಕು ಜನ ಹೇಳುವುದನ್ನು ಕೇಳುತ್ತಾ ಅರ್ಧ ದಿನ ಹಾಳುಮಾಡುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ದೊಡ್ಡ ಆವರಣದಲ್ಲಿ. ಮುಂದೆ ಹುಲ್ಲುಹಾಸು, ಅದರ ನಡುವೆ ಕಲ್ಲಿನ ಬೆಂಚುಗಳು. ಬೆಂಚುಗಳಿಗೆ ನೆರಳಿಲ್ಲವಾದ್ದರಿಂದ ಅಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಅಲ್ಲಿ ಬಹಳಷ್ಟು ಸಂಗತಿಗಳನ್ನು ಹಾಗೆಯೇ ತೀರ್ಮಾನಿಸುತ್ತಿದ್ದರು. ಅಡುಗೆಮನೆಯ ಹಿಂದೆ, ಮೆಟ್ಟಿಲಿಳಿದು ಹೋದರೆ ಬಟ್ಟೆ ಒಗೆಯುವ ಕೋಣೆ. ಎರಡು ದೊಡ್ಡ ಯಂತ್ರ, ಒಂದು ಇಸ್ತ್ರಿ ಮೇಜು. ಮೇಜಿನ ಒಂದು ಕಾಲು ಮುರಿದು ಅದರ ಜಾಗದಲ್ಲಿ ಇಟ್ಟಿಗೆ ನಿಂತಿತ್ತು. ಹೊಸ ಮೇಜು ಕೇಳಿದಾಗಲೆಲ್ಲ "ಬರುತ್ತೆ ಅಕ್ಕ, ಬರುತ್ತೆ" ಎನ್ನುವ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು.

ಬಟ್ಟೆಯಕ್ಕ ಅಲ್ಲಿಗೆ ಬಂದದ್ದು ಬೇರೊಬ್ಬಳ ಬದಲಿಗೆ, ಒಂದು ತಿಂಗಳ ಮಟ್ಟಿಗೆ. ಆಗ ಮಗಳು ಇನ್ನೂ ಚಿಕ್ಕವಳು. ಗಂಡ ಸರಕಿನ ವ್ಯಾನು ಓಡಿಸುತ್ತಿದ್ದ. ಮನೆಗೆ ನೆಂಟನ ಹಾಗೆ ಬಂದು, ನೆಂಟನ ಹಾಗೆ ಉಂಡು, ನೆಂಟ ತರುವಷ್ಟನ್ನೂ ಕೈಯಲ್ಲಿ ತರದೆ ಹೋಗುತ್ತಿದ್ದ. ಯಾರ ಬದಲಿಗೆ ಬಂದಿದ್ದಳೋ ಆ ಕೆಲಸದವಳು ಮತ್ತೆ ಬರಲಿಲ್ಲ. ಇವಳು ಉಳಿದುಕೊಂಡಳು. ಒಬ್ಬೊಬ್ಬ ಹಿರಿಯರ ಬಟ್ಟೆಗೂ ಕತ್ತಿನ ಪಟ್ಟಿಯ ಒಳಗೆ ಒಂದೊಂದು ಬಣ್ಣದ ನೂಲಿನ ಹೊಲಿಗೆ ಹಾಕಿ, ಯಾರ ಬಟ್ಟೆ ಯಾರ ಮೈಗೂ ಹೋಗದ ಹಾಗೆ ನೋಡಿಕೊಂಡಳು. ಬಿಳುಪು ಪುಡಿಯ ನೀರಿನಲ್ಲಿ ಕೈ ಒಡೆದು, ಬೆರಳ ತುದಿ ಉಪ್ಪುಕಾಗದದ ಹಾಗಾಯಿತು. "ಅಮ್ಮ, ತಲೆ ಸವರಬೇಡ, ಕೂದಲು ಸಿಕ್ಕೊಳ್ಳುತ್ತೆ" ಎಂದು ಮಗಳು ಚಿಕ್ಕಂದಿನಲ್ಲಿ ನಗುತ್ತಿದ್ದಳು. ಆಮೇಲೆ ಆ ನಗು ನಿಂತಿತು. ಯಾಕೆ ನಿಂತಿತು ಎನ್ನುವುದೇ ಈ ಕಥೆ.

ಆವರಣವನ್ನು ನಡೆಸುವ ವ್ಯವಸ್ಥಾಪಕಿಗೆ ಕೆಲಸದವರು ನಗೆಮೇಡಂ ಎಂದು ಹೆಸರಿಟ್ಟಿದ್ದರು. ಆಕೆ ಇಲ್ಲ ಎನ್ನುವುದನ್ನೂ ನಗುತ್ತಲೇ ಹೇಳುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಕೇಳಿದ್ದು ಸಿಗಲಿಲ್ಲ ಎನ್ನುವುದು ಮೆಟ್ಟಿಲಿಳಿದು ಯಂತ್ರದ ಮುಂದೆ ನಿಂತ ಮೇಲೆಯೇ ಅರಿವಿಗೆ ಬರುತ್ತಿತ್ತು. ಆಕೆಯ ಬತ್ತಳಿಕೆಯಲ್ಲಿದ್ದ ದೊಡ್ಡ ಬಾಣವೆಂದರೆ, "ನೀವಿಲ್ಲದೆ ನಡೆಯೋದೇ ಇಲ್ಲ ಅಕ್ಕ" ಎನ್ನುವುದು. ಎಂಥ ಮಾತು ನೋಡಿ! ಕಾಸು ಖರ್ಚಿಲ್ಲ, ಕಾಗದದ ಗೋಜಿಲ್ಲ, ಮೂಗಿಗೆ ತುಪ್ಪ ಸವರಿದರೆ ಆಯಿತು. ಬಟ್ಟೆಯಕ್ಕನಂಥ ಖಾರದ ಹೆಂಗಸೂ ಆ ವಾಸನೆಗೆ ಎಷ್ಟೋ ಸಲ ಮರುಳಾದಳು. ತಾನಿಲ್ಲದೆ ಇಷ್ಟು ದೊಡ್ಡ ಆವರಣ ನಡೆಯುವುದಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಹಾಗೆ ಬೀಗಿದ ದಿನಗಳಲ್ಲೇ ಒಂದು ದಿನ ಮಗಳಿಗೆ ಹೆರಿಗೆ ನೋವು ಬಂದಿತ್ತು. ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳು. ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಅವಳದು. ಅದೇ ವಾರ ಆವರಣದಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟು, ಹಾಸಿಗೆ ಬಟ್ಟೆ ಗುಡ್ಡೆ ಬಿದ್ದಿತ್ತು. "ಒಂದು ರಾತ್ರಿ ತಡೀರಿ ಅಕ್ಕ, ನೀವಿಲ್ಲದೆ ನಡೆಯೋದೇ ಇಲ್ಲ" ಎಂದಳು ನಗೆಮೇಡಂ. ಬಟ್ಟೆಯಕ್ಕ ತಡೆದಳು. ಮಾರನೆಯ ದಿನ ಹೋಗುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಅಷ್ಟೇ.

ಈಗ ಮತ್ತೆ ದಿನ ತುಂಬಿತ್ತು. ಈ ಸಲ ಕೊಯ್ದೇ ತೆಗೆಯುತ್ತೇವೆ ಎಂದು ಡಾಕ್ಟರು ದಿನವನ್ನೂ ಹೊತ್ತನ್ನೂ ಗೊತ್ತು ಮಾಡಿದ್ದರು. ಮಗಳು ಫೋನಿನಲ್ಲಿ ಹೇಳಿದಳು, "ಅಮ್ಮ, ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ. ಆ ಬಾಗಿಲ ಹತ್ರ ನೀನಿರಬೇಕು. ಏನೂ ತರಬೇಡ, ಏನೂ ಮಾಡಬೇಡ. ಸುಮ್ನೆ ನಿಂತಿರು ಸಾಕು. ನಂಗೆ ಭಯ ಆಗ್ತಿದೆ."

"ಬರ್ತೀನಿ ಕಣೇ."

"ಹೋದ ಸಲಾನೂ ಹಂಗೇ ಅಂದಿದ್ದೆ. ಈ ಸಲ ಬರ್ಲಿಲ್ಲ ಅಂದ್ರೆ ಆಮೇಲೆ ಯಾವತ್ತೂ ಬರಬೇಡ."

ಬಟ್ಟೆಯಕ್ಕ ಕೈ ಒರೆಸಿಕೊಂಡು ನೇರ ಕಚೇರಿಗೆ ಹೋಗಿ ರಜೆ ಕೇಳಿದಳು. ನಗೆಮೇಡಂ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿ ಎಂದಿಗಿಂತ ಅಗಲವಾಗಿ ನಕ್ಕಳು. "ಅಯ್ಯೋ ಅಕ್ಕ, ಆ ದಿನ ಒಂದು ಬಿಟ್ಟು ಬೇರೆ ಯಾವ ದಿನ ಬೇಕಾದ್ರೂ ಕೇಳಿ! ಅವತ್ತು ಸಿಬ್ಬಂದಿ ಮೆಚ್ಚುಗೆ ದಿನ ಅಲ್ವಾ? ನಿಮ್ಮನ್ನೆಲ್ಲ ಕೂರಿಸಿ ನಾವು ಸೇವೆ ಮಾಡೋ ದಿನ. ನೀವೇ ಇಲ್ಲಾಂದ್ರೆ ಹೇಗೆ?"

"ಮೇಡಂ, ಮಗಳಿಗೆ ಆಪರೇಷನ್ನು."

"ಆಪರೇಷನ್ ಮಾಡೋರು ಡಾಕ್ಟರು ತಾನೇ ಅಕ್ಕ? ಒಂಬತ್ತಕ್ಕೆ ಶುರು, ಹತ್ತಕ್ಕೆಲ್ಲ ಮುಗಿದುಹೋಗುತ್ತೆ. ನಮ್ಮ ಕಾರಲ್ಲೇ ಬಿಡಿಸ್ತೀನಿ. ಆಮೇಲೆ ನೀವೇ ಹೇಳ್ತೀರ, ಇದ್ದಿದ್ದು ಒಳ್ಳೇದಾಯ್ತು ಅಂತ. ನಿಮಗೊಂದು ಸರ್‌ಪ್ರೈಸ್ ಇದೆ."

ನಂಬಬಾರದಿತ್ತು. ಆದರೆ ಹೇಳದೆ ಕೇಳದೆ ಹೋದರೆ ಮತ್ತೆ ಒಳಗೆ ಸೇರಿಸುವುದಿಲ್ಲ ಎನ್ನುವುದಕ್ಕೆ ಹಾಗೆ ಹೋಗಿ ಕೆಲಸ ಕಳೆದುಕೊಂಡ ಹಿಂದಿನ ತೋಟದವನೇ ಸಾಕ್ಷಿ ಇದ್ದ. ಬಟ್ಟೆಯಕ್ಕ ಮೆಟ್ಟಿಲಿಳಿದಳು.

ಮೆಚ್ಚುಗೆ ದಿನ ಬಂತು. ಊಟದ ಹಾಲಿನ ತುಂಬ ಬಲೂನು. ಇಟ್ಟಿಗೆ ಕಾಲಿನ ಮೇಜಿಗೆ ಇಲ್ಲದ ದುಡ್ಡು ಬಲೂನಿಗೆ ಎಲ್ಲಿತ್ತೋ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವುದು ಇದಕ್ಕೇ. ಆಯಾಗಳು, ಅಡುಗೆಯವರು, ಗುಡಿಸುವವರು ಎಲ್ಲರನ್ನೂ ಸಾಲು ಕುರ್ಚಿಗಳಲ್ಲಿ ಕೂರಿಸಿ, ಏಳಬೇಡಿ ಎಂದು ಗದರಿದ್ದಾಯಿತು. ಇವತ್ತು ಒಂದು ಗಂಟೆ ಅಧಿಕಾರಿಗಳೇ ಇವರ ಕೆಲಸ ಮಾಡುತ್ತಾರಂತೆ. ಅದಕ್ಕೆಂದೇ ಹೊಲಿಸಿದ ಹೊಚ್ಚಹೊಸ ಕೆಂಪು ಏಪ್ರನ್ನುಗಳು. ಎದೆಯ ಮೇಲೆ ‘ಇಂದು ನಿಮ್ಮ ಸೇವೆಯಲ್ಲಿ’ ಎಂದು ಬಿಳಿ ಅಕ್ಷರ. ಲೆಕ್ಕದವರು ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರು. ದಾಖಲಾತಿಯವರು ಸೌಟು ಹಿಡಿದು ತೆಗೆಸಿಕೊಂಡರು. ಸೌಟನ್ನು ಕೆಳಗಿಟ್ಟ ಮೇಲೆ ಅದನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಪಕ್ಕದಲ್ಲಿ ಕೂತಿದ್ದ ಆಯಾ ಬಟ್ಟೆಯಕ್ಕನ ಕಿವಿಯಲ್ಲಿ, "ಮೇಲೆ ಯಾರಿಗೂ ಇನ್ನೂ ಸ್ನಾನ ಆಗಿಲ್ಲ ಅಕ್ಕ. ಜಡ್ಜಮ್ಮ ಗಂಟೆ ಒತ್ತಿ ಒತ್ತಿ ಸಾಕಾಗಿ ಈಗ ಕೋಲಲ್ಲಿ ಬಾಗಿಲು ಕುಟ್ತಿದಾರೆ" ಎಂದಳು.

"ನಾವು ಸನ್ಮಾನದಲ್ಲಿದೀವಿ, ಆಮೇಲೆ ಬನ್ನಿ ಅಂತ ಹೇಳು" ಎಂದಳು ಬಟ್ಟೆಯಕ್ಕ. ಅವಳ ಕಣ್ಣು ಗೋಡೆಯ ಗಡಿಯಾರ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಹತ್ತು ಹೊಡೆಯಿತು. ಸಮಾರಂಭ ಇನ್ನೂ ಶುರುವೇ ಆಗಿರಲಿಲ್ಲ; ಅಧ್ಯಕ್ಷರು ಬಂದಿರಲಿಲ್ಲ. ಬಟ್ಟೆಯಕ್ಕ ಎದ್ದು ನಗೆಮೇಡಂ ಹತ್ತಿರ ಹೋದಳು. "ಮೇಡಂ, ಹೊತ್ತಾಯ್ತು. ಕಾರು?"

"ಕಾರು ಅಧ್ಯಕ್ಷರನ್ನ ಕರ್ಕೊಂಡು ಬರೋಕೆ ಹೋಗಿದೆ ಅಕ್ಕ! ಬಂದ ತಕ್ಷಣ ನಿಮಗೇ. ಕೂತ್ಕೊಳ್ಳಿ, ಕೂತ್ಕೊಳ್ಳಿ. ಇವತ್ತು ನೀವು ನಿಂತ್ಕೋಬಾರದು."

ಕೊನೆಗೂ ಅಧ್ಯಕ್ಷರು ಬಂದರು. ಬಂದವರು ಮೊದಲು ಕೆಂಪು ಏಪ್ರನ್ ಕಟ್ಟಿಕೊಂಡು, ಫೋಟೋದವನನ್ನೂ ನಗೆಮೇಡಂನನ್ನೂ ಏಪ್ರನ್ ತೊಟ್ಟ ಅಧಿಕಾರಿಗಳನ್ನೂ ಹಿಂದೆ ಹಾಕಿಕೊಂಡು ಬಟ್ಟೆ ಒಗೆಯುವ ಕೋಣೆಗೇ ಇಳಿದುಹೋದರು. ಹೋಗಿ ಬರುವಷ್ಟರಲ್ಲಿ ಮೈಯೆಲ್ಲ ಸೋಪಿನ ನೀರು. ಏಪ್ರನ್ ಅಲ್ಲೇ ಕೆಳಗೆ ಬಿಚ್ಚಿಹಾಕಿ ಬಂದು, ಒದ್ದೆ ಕೈ ಒರೆಸಿಕೊಳ್ಳುತ್ತಾ ವೇದಿಕೆ ಹತ್ತಿದರು. ಆಮೇಲೆ ಭಾಷಣ. ಸೇವೆ ಎಂದರೆ ಏನು, ಸೇವೆ ಎಂದರೆ ಏನಲ್ಲ, ತಮ್ಮ ತಾತ ಎಂಥ ಸೇವೆ ಮಾಡಿದ್ದರು. ಜೀವಮಾನದಲ್ಲಿ ತನ್ನ ಕರವಸ್ತ್ರವನ್ನು ತಾನು ಒಗೆದುಕೊಳ್ಳದ ಮನುಷ್ಯ ದುಡಿಮೆಯ ಘನತೆಯ ಬಗ್ಗೆ ಎಷ್ಟು ಹೊತ್ತು ಮಾತಾಡಬಲ್ಲ ಎನ್ನುವುದನ್ನು ಅಂದು ಎಲ್ಲರೂ ಕಣ್ಣಾರೆ ಕಂಡರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗಡಿಯಾರದ ಮುಳ್ಳು ಹನ್ನೊಂದರ ಮೇಲೆ ಬಂದು ಕೂತಾಗ ಬಟ್ಟೆಯಕ್ಕ ಕುರ್ಚಿಯಿಂದ ಅರ್ಧ ಎದ್ದಳು.

ಅಷ್ಟರಲ್ಲಿ ನಗೆಮೇಡಂ ಮೈಕು ಹಿಡಿದು, "ಈಗ ಈ ವರ್ಷದ ನಮ್ಮ ಹೆಮ್ಮೆ!" ಎಂದು ಕೂಗಿದಳು. ಪರದೆ ಸರಿಯಿತು. ಹಿಂದೆ ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ. ಬಟ್ಟೆಯಕ್ಕನದೇ. ಯಾವಾಗ ತೆಗೆದಿದ್ದರೋ, ಹಾಳಾದ್ದು, ಫೋಟೋದಲ್ಲಿ ಅವಳು ನಗುತ್ತಿದ್ದಳು.

"ಈ ನಮ್ಮ ಅಕ್ಕ ಇಲ್ಲಿಗೆ ಸೇರಿದ ಮೇಲೆ ಹೇಳಿಕೊಳ್ಳೋ ಹಾಗೆ ಒಂದು ರಜೆಯನ್ನೂ ಹಾಕಿಲ್ಲ! ಇವತ್ತೂ, ಸ್ವಂತ ಮಗಳಿಗೆ ಆಪರೇಷನ್ ಇದ್ರೂ, ನಮ್ಮ ಜೊತೆ ಇದಾರೆ. ಇದಕ್ಕಿಂತ ದೊಡ್ಡ ತ್ಯಾಗ ಉಂಟಾ? ಜೋರಾಗಿ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಬಟ್ಟೆಯಕ್ಕನಿಗೆ ಆಗ ಎಲ್ಲ ಹೊಳೆಯಿತು. ರಜೆ ಕೊಡದೆ ಇದ್ದದ್ದೇ ಈ ಬಹುಮಾನ ಕೊಡುವುದಕ್ಕೆ! ಒಂದು ದಿನ ರಜೆ ಕೊಟ್ಟಿದ್ದರೆ ಈ ಚೌಕಟ್ಟು ದಂಡವಾಗುತ್ತಿತ್ತಲ್ಲ! ಮೈ ಉರಿದುಹೋಯಿತು.

ಹಾಲಿನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸ್ನಾನವಿಲ್ಲದೆ, ತಲೆ ಬಾಚದೆ, ರಾತ್ರಿಯ ಬಟ್ಟೆಯಲ್ಲೇ ಜಡ್ಜಮ್ಮ ನಿಂತಿದ್ದರು. ಅವರು ಜಡ್ಜೂ ಅಲ್ಲ, ಗಿಡ್ಜೂ ಅಲ್ಲ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಎಲ್ಲದಕ್ಕೂ ತೀರ್ಪು ಕೊಡುತ್ತಾರೆಂದು ಆ ಹೆಸರು. ಕೋಲು ಎತ್ತಿ ಅವರು ಕೇಳಿದರು, "ಅವಳು ರಜೆ ಹಾಕಿಲ್ವೋ, ನೀವು ಕೊಟ್ಟಿಲ್ವೋ? ಅದನ್ನ ಮೊದಲು ಹೇಳ್ರಿ."

ಚಪ್ಪಾಳೆ ನಿಂತುಹೋಯಿತು. ಅಧ್ಯಕ್ಷರು ಇಂಗು ತಿಂದ ಮಂಗನ ಹಾಗೆ ನಗೆಮೇಡಂ ಮುಖ ನೋಡಿದರು. ನಗೆಮೇಡಂ ನಗುತ್ತಲೇ, "ಅಜ್ಜಿ ತಮಾಷೆ ಮಾಡ್ತಾರೆ" ಎಂದು ಬಟ್ಟೆಯಕ್ಕನನ್ನು ಕೈಹಿಡಿದು ವೇದಿಕೆಗೆ ಎಳೆದುಕೊಂಡು, ‘ನಮ್ಮ ಹೆಮ್ಮೆ’ ಎಂದು ಬರೆದ ಪಟ್ಟಿಯನ್ನು ಭುಜಕ್ಕೆ ಅಡ್ಡ ಹಾಕಿ, ಚೌಕಟ್ಟನ್ನು ಕೈಗೆ ಕೊಟ್ಟು, ಮೈಕನ್ನು ಬಾಯಿಗೆ ಹಿಡಿದಳು. "ಎರಡು ಮಾತು ಹೇಳಿ ಅಕ್ಕ."

ಬಟ್ಟೆಯಕ್ಕ ಆವರೆಗೆ ಮೈಕಿನಲ್ಲಿ ಮಾತಾಡಿದವಳಲ್ಲ. ಆದರೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಮೊದಲೇ ದೊಡ್ಡದು. ಅವಳು ಹಾಲಿನ ಮೊದಲ ಸಾಲಿಗಿಳಿದು, ತಾನು ಇಷ್ಟು ಹೊತ್ತು ಕೂತಿದ್ದ ಕುರ್ಚಿಯ ಮೇಲೆ ಆ ಫೋಟೋವನ್ನು ಒರಗಿಸಿ ನಿಲ್ಲಿಸಿದಳು.

"ರಜೆ ಹಾಕದವಳು ಇವಳು ಮೇಡಂ. ನೋಡಿ, ಎಷ್ಟು ಚೆನ್ನಾಗಿ ನಗ್ತಿದಾಳೆ. ಇವಳಿಗೆ ಮಗಳಿಲ್ಲ, ಮರಿಯಿಲ್ಲ. ಇವಳನ್ನ ಇಲ್ಲೇ ಇಟ್ಕೊಳ್ಳಿ, ಯಾವತ್ತೂ ರಜೆ ಕೇಳಲ್ಲ. ನನಗೆ ರಜೆ ಬೇಕಾಗಿದೆ. ನಾನು ಹೊರಟೆ."

"ಹೋಗೇ, ಹೋಗು! ಓಡು!" ಎಂದರು ಜಡ್ಜಮ್ಮ. ಆಯಾಗಳ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಿಜವಾದ ಚಪ್ಪಾಳೆ ಬಿತ್ತು. ಅದನ್ನು ಕೇಳಿಸಿಕೊಳ್ಳುವುದಕ್ಕೆ ಬಟ್ಟೆಯಕ್ಕ ಅಲ್ಲಿರಲಿಲ್ಲ.

ಗೇಟಿನ ಹತ್ತಿರ ಹಿಂದಿನಿಂದ ಯಾರೋ ಓಡಿ ಬರುವ ಸದ್ದು. ಕಾರು ಕೊಡುವುದಕ್ಕೆ ಬಂದಳೇನೋ ಎಂದು ಒಂದು ಗಳಿಗೆ ಅನ್ನಿಸಿತು, ಆಸೆಗೆ ನಾಚಿಕೆಯಿಲ್ಲ. ನಗೆಮೇಡಂ ಏದುಸಿರು ಬಿಡುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ನಗೆಯಿರಲಿಲ್ಲ. "ಅಕ್ಕ, ಒಂದು ನಿಮಿಷ! ಅಧ್ಯಕ್ಷರು ಒದ್ದೆ ಏಪ್ರನ್ನನ್ನ ಯಂತ್ರದೊಳಗೇ ಹಾಕಿಬಿಟ್ಟಿದಾರೆ, ಉಳಿದವರೂ ನೋಡಿ ಹಾಗೇ ಹಾಕಿದಾರೆ. ಬಿಸಿನೀರು ಬೇರೆ. ಬಿಳಿ ಬಟ್ಟೆ ಅಷ್ಟೂ ಕೆಂಪಾಗಿದೆ! ಹಾಸಿಗೆ, ದಿಂಬು, ಅಜ್ಜಂದಿರ ಪಂಚೆ, ಅಜ್ಜಿಯರ ಲಂಗ, ಯಾವುದೂ ಬಿಟ್ಟಿಲ್ಲ. ಸಂಜೆ ಮನೆಯವರೆಲ್ಲ ನೋಡೋಕೆ ಬರ್ತಾರೆ. ನೀವಿಲ್ಲದೆ ನಡೆಯೋದೇ ಇಲ್ಲ ಅಕ್ಕ!"

ಬಟ್ಟೆಯಕ್ಕನಿಗೆ ನಗು ತಡೆಯಲಾಗಲಿಲ್ಲ. "ಒಂದು ಗಂಟೆ ನನ್ನ ಕೆಲಸ ಮಾಡ್ತೀವಿ ಅಂದ್ರಲ್ಲ ಮೇಡಂ, ಇನ್ನೂ ಸ್ವಲ್ಪ ಹೊತ್ತು ಮಾಡಿ. ಈಗ ಶುರುವಾಗಿದೆ ಅಷ್ಟೇ, ನನ್ನ ಕೆಲಸ" ಎಂದು ಬಸ್ಸಿಗೆ ಕೈ ಅಡ್ಡ ಹಾಕಿದಳು.

ಬಸ್ಸಿನಲ್ಲಿ ಕಂಡಕ್ಟರು ಅವಳ ಭುಜದ ಮೇಲಿನ ಪಟ್ಟಿ ನೋಡಿ, "ಏನಮ್ಮ, ಎಲೆಕ್ಷನ್ ಗೆದ್ರಾ?" ಎಂದ.

"ಸೋತೆ ಕಣಪ್ಪ. ಬೇಗ ಬಿಡೋಕೆ ಹೇಳು ನಿನ್ನ ಡ್ರೈವರಿಗೆ" ಎಂದಳು. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು, ನಿಲ್ದಾಣವಲ್ಲದ ಕಡೆಯೂ ನಿಂತಿತು. ದಾರಿಯುದ್ದಕ್ಕೂ ಅವಳು ಒಂದು ಸುಳ್ಳನ್ನು ಹೊಲಿಯುತ್ತಾ ಕೂತಳು: ನಿನ್ನನ್ನ ಒಳಗೆ ಕರ್ಕೊಂಡು ಹೋಗುವಾಗ ನಾನು ಕಂಬದ ಹಿಂದೆ ಇದ್ದೆ, ನಿನಗೆ ಕಾಣಿಸಲಿಲ್ಲ ಅಷ್ಟೆ.

ಆಸ್ಪತ್ರೆಯಲ್ಲಿ ಆ ಬಾಗಿಲು ಆಗಲೇ ಮುಚ್ಚಿತ್ತು. ಬೆಂಚಿನ ಮೇಲೆ ಬೀಗಿತ್ತಿ, ಮಗಳ ಅತ್ತೆ, ಒಬ್ಬರೇ ಕೂತಿದ್ದರು. ಮೇಲಿನಿಂದ ಕೆಳಗಿನವರೆಗೆ ಬಟ್ಟೆಯಕ್ಕನನ್ನು ನೋಡಿ, "ಈಗ ಬಂದ್ರಾ? ಬಾಗಿಲು ಹಾಕೋ ತನಕ ಕತ್ತು ತಿರುಗಿಸಿ ಈ ಕಡೇನೇ ನೋಡ್ತಿದ್ಲು" ಎಂದರು. ಹಂಗಿಸಿ ಹೇಳಿದ ಮಾತಲ್ಲ ಅದು. ಹಂಗಿಸಿದ್ದರೆ ಬಟ್ಟೆಯಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಒಳಗಿನಿಂದ ಮಗುವಿನ ಅಳು ಕೇಳಿದಾಗಲೂ ಅಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದದ್ದು ಅವಳಿಗೆ ಗೊತ್ತಾದದ್ದು ಬೀಗಿತ್ತಿ ಸೆರಗು ಕೊಟ್ಟಾಗಲೇ.

ಮಗಳನ್ನು ಗಾಲಿ ಮಂಚದಲ್ಲಿ ಹೊರಗೆ ತಂದರು. ಮದ್ದಿನ ಮಂಪರಿನಲ್ಲಿ ಕಣ್ಣು ಅರ್ಧ ತೆರೆದಿತ್ತು.

"ಅಮ್ಮ."

"ಇಲ್ಲೇ ಇದೀನಿ ಕಣೇ."

"ಒಳಗೆ ಹೋಗುವಾಗ ನೋಡ್ದೆ. ನೀನಿರಲಿಲ್ಲ."

ಬಸ್ಸಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಹೊಲಿದ ಸುಳ್ಳು ಬಾಯಿಗೆ ಬರಲೇ ಇಲ್ಲ. "ಇರಲಿಲ್ಲ ಮಗ. ಅಲ್ಲಿ ಚಪ್ಪಾಳೆ ತಟ್ಟಿಸ್ಕೊಳ್ತಾ ಕೂತಿದ್ದೆ."

ಮಗಳ ಕಣ್ಣು ಅವಳ ಎದೆಯ ಮೇಲೆ ನಿಂತಿತು. ನಿಧಾನವಾಗಿ ಪಟ್ಟಿಯ ಅಕ್ಷರಗಳನ್ನು ಓದಿಕೊಂಡು, "ಯಾರ ಹೆಮ್ಮೆ?" ಎಂದು ಕೇಳಿದಳು.

ಬಟ್ಟೆಯಕ್ಕ ಪಟ್ಟಿಯನ್ನು ತಲೆಯ ಮೇಲಿಂದ ಕಿತ್ತು ಪಕ್ಕದ ಕಸದ ಡಬ್ಬಿಗೆ ಹಾಕಿದಳು. ಅದೇ ಹೊತ್ತಿಗೆ ಸೊಂಟದ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯಾರೆಂದು ನೋಡಬೇಕಾಗಿಯೂ ಇರಲಿಲ್ಲ.

"ಹೋಗು, ಕರೀತಿದಾರೆ" ಎಂದಳು ಮಗಳು, ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾ.

"ಎಲ್ಲಿಗೆ ಹೋಗ್ಲಿ? ಅಲ್ಲಿ ನನ್ನ ಫೋಟೋ ಕೂರಿಸಿ ಬಂದಿದೀನಿ. ಅವರಿಗೆ ಬೇಕಾಗಿದ್ದೂ ಅದೇ." ಬಟ್ಟೆಯಕ್ಕ ತಡವರಿಸಿದಳು. "ನೀನು ಹೋಗು ಅನ್ನೋ ತನಕ ಇರ್ತೀನಿ. ಹೋಗು ಅಂದ್ರೂ ಇರ್ತೀನಿ."

ಮಗಳು ಮುಖವನ್ನು ಈ ಕಡೆ ತಿರುಗಿಸಲಿಲ್ಲ. ಬಟ್ಟೆಯಕ್ಕ ಕೈ ಚಾಚಿ, ಹಣೆಯ ಹತ್ತಿರ ಹೋದ ಮೇಲೆ ತನ್ನ ಒಡಕಲು ಬೆರಳುಗಳ ನೆನಪಾಗಿ ತಡೆದಳು. ಆಗ ಮಗಳು ಕಣ್ಣು ಮುಚ್ಚಿಕೊಂಡೇ, "ಸವರು. ಕೂದಲು ಸಿಕ್ಕೊಂಡ್ರೆ ಸಿಕ್ಕೊಳ್ಳಲಿ" ಎಂದಳು.